ಪಟ್ಟೆಸೀರೆ ಮತ್ತು ಪತಂಗಗಳ ಪರಿಚಯ

ಪದ್ಮಾವತಿ ಅಮ್ಮನವರಿಗೆ ಪಟ್ಟೆಸೀರೆಯನ್ನು ಸಮರ್ಪಿಸಬಯಸುವ ಶ್ರಾವಿಕೆಯರು ಅಂಗಡಿಯಲ್ಲಿ ‘ಅಹಿಂಸಾ ರೇಷ್ಮೆ’ ಇದೆಯೇ ಎಂದು ವಿಚಾರಿಸುವುದುಂಟು. ಅಪೇಕ್ಷೆ ಶ್ಲಾಘನೀಯವೇ. ಆದರೆ ಯಾವ ಹುಳು, ಯಾವ ಪತಂಗ, ಎಂತಹ ಗೂಡು ಎಂಬುದನ್ನು ಅರಿಯದೆ ಹೆಸರನ್ನಷ್ಟೇ ನಂಬಿದರೆ ಅಹಿಂಸೆಯು ಅಂಗಡಿಯ ಚೀಟಿಯಲ್ಲಿಯೇ ಉಳಿದುಬಿಡುತ್ತದೆ. ಪತಂಗವು ಚತುರಿಂದ್ರಿಯ ಜೀವ. ಅದರ ವಿಷಯದಲ್ಲಿ ಇಷ್ಟು ವಿವೇಚನೆ ಅತಿಯಾಗಲಾರದು.

ಭಾರತದಲ್ಲಿ ರೇಷ್ಮೆಗಾಗಿ ಸಾಕುವ ಹುಳುಗಳು ಮುಖ್ಯವಾಗಿ ನಾಲ್ಕು ಬಗೆ. ಕರ್ನಾಟಕದಲ್ಲಿ ಚಿರಪರಿಚಿತವಾದದ್ದು ಹಿಪ್ಪುನೇರಳೆ ಸೊಪ್ಪನ್ನು ತಿನ್ನುವ ಬಿಳಿಯ ಹುಳು. ನಾಲ್ಕು ‘ಜ್ವರ’ಗಳನ್ನು ದಾಟಿ, ಸುಮಾರು 25 ದಿನಗಳಲ್ಲಿ ಹಣ್ಣಾಗಿ, ಚಂದ್ರಿಕೆಯನ್ನೇರಿ ಗೂಡು ಕಟ್ಟುತ್ತದೆ. ಇದರ ಪತಂಗ ಕೆನೆಬಣ್ಣದ್ದು, ದಪ್ಪ ಒಡಲಿನದು. ಸಾವಿರಾರು ವರ್ಷಗಳ ಸಾಕಣೆಯಿಂದ ಹಾರುವ ಶಕ್ತಿಯನ್ನೇ ಕಳೆದುಕೊಂಡಿದೆ. ಗೂಡಿನಿಂದ ಹೊರಬಂದ ಮೇಲೆ ಅದು ಏನನ್ನೂ ತಿನ್ನುವುದಿಲ್ಲ. ಟಸರ್ ಹುಳು ಹಸುರು; ಮತ್ತಿ, ಅರ್ಜುನ ಮರಗಳ ಮೇಲೆ ಬಯಲಿನಲ್ಲಿಯೇ ಬೆಳೆಯುತ್ತದೆ. ಅದರ ಪತಂಗದ ನಾಲ್ಕೂ ರೆಕ್ಕೆಗಳಲ್ಲಿ ಗಾಜಿನಂತಹ ಕಣ್ಣಿನ ಗುರುತಿದೆ. ಹೊಂಬಣ್ಣದ ನೂಲನ್ನು ಕೊಡುವ ಅಸ್ಸಾಮಿನ ಮೂಗಾ ಅದರ ಹತ್ತಿರದ ಬಂಧು.

ನಾಲ್ಕನೆಯದಾದ ಎರಿ ಹರಳೆಲೆಯನ್ನು ತಿನ್ನುತ್ತದೆ. ಮೈಮೇಲೆ ಬಿಳಿಯ ಹುಡಿ, ಮೆತ್ತನೆಯ ಮುಳ್ಳಿನಂತಹ ಉಬ್ಬುಗಳು. (ಹಿತ್ತಲಿನ ಹರಳುಗಿಡದಲ್ಲಿ ಬೆನ್ನನ್ನು ಕಮಾನಿನಂತೆ ಬಾಗಿಸಿ ನಡೆಯುವ ಹುಳು ಕಂಡರೆ ಅದು ಎರಿಯಲ್ಲ, ಕೊಂಡಲಿ ಹುಳು. ಒಡಲಿನ ನಡುವಿನ ಕಾಲುಗಳು ಪೂರ್ಣವಾಗಿ ಬೆಳೆಯದಿರುವುದರಿಂದ ಅದಕ್ಕೆ ಆ ನಡಿಗೆ.)

ಹಿಪ್ಪುನೇರಳೆ ಹುಳುವಿನ ಗೂಡು ನೂರಾರು ಮೀಟರು ಉದ್ದದ, ಕಡಿಯದ ಒಂದೇ ಎಳೆ. ಪತಂಗವು ತನ್ನ ದ್ರವದಿಂದ ಗೂಡನ್ನು ನೆನೆಸಿ ಹೊರಬಂದರೆ ಎಳೆ ತುಂಡಾಗುತ್ತದೆ. ಆದಕಾರಣ ಅದಕ್ಕೆ ಮೊದಲೇ ಗೂಡನ್ನು ಹಬೆಗೋ ಬಿಸಿಗಾಳಿಗೋ ಒಡ್ಡಿ ಒಳಗಿನ ಜೀವವನ್ನು ಕೊಲ್ಲುತ್ತಾರೆ. ಎರಿಯ ಗೂಡಾದರೋ ಒಂದು ತುದಿಯಲ್ಲಿ ತೆರೆದಿರುತ್ತದೆ. ಅದನ್ನು ಹತ್ತಿಯಂತೆ ನೂಲಬೇಕಾದುದರಿಂದ ಕೊಲ್ಲುವ ಅವಶ್ಯಕತೆಯೇ ಇಲ್ಲ. ಆದರೂ ಈಶಾನ್ಯ ಭಾರತದ ಹಲವು ಸಮುದಾಯಗಳಲ್ಲಿ ಎರಿಯ ಕೋಶ ಆಹಾರವಾಗಿದೆ. ಅವರ ಊಟವನ್ನು ಅಳೆಯುವುದು ಇಲ್ಲಿಯ ಉದ್ದೇಶವಲ್ಲ. ಎರಿ ಎಂಬ ಹೆಸರೊಂದೇ ಸಾಕ್ಷಿಯಾಗದು ಎಂಬುದಷ್ಟೇ ಮಾತು.

ರೇಷ್ಮೆ ಬಿತ್ತನೆ ಕೋಠಿಯಲ್ಲಿ ದುಡಿದು ನಿವೃತ್ತರಾದ ಶ್ರಾವಕರೊಬ್ಬರು ತಮ್ಮೂರ ಬಸದಿಯ ಆಡಳಿತ ಮಂಡಳಿಯಲ್ಲಿ ಇದ್ದರು. ಅಮ್ಮನವರಿಗೆ ಸೀರೆಯ ಹರಕೆ ಹೊತ್ತ ಶ್ರಾವಿಕೆಯೊಬ್ಬರು, ಇದು ಪತಂಗ ಹೊರಬಂದ ಗೂಡಿನ ನೂಲೆಂದು ವ್ಯಾಪಾರಿಯೇ ಹೇಳಿದ್ದಾನೆಂದು ಸಭೆಗೆ ತಿಳಿಸಿದರು. “ಗೂಡು ಎಲ್ಲಿಯದಮ್ಮಾ?” ಎಂದು ಹಿರಿಯರು ಕೇಳಿದರು. ಬಿತ್ತನೆ ಕೋಠಿಯಲ್ಲಿಯೂ ಪತಂಗವನ್ನು ಹೊರಬರಲು ಬಿಡುತ್ತಾರೆ. ಹೆಣ್ಣು 400–500 ಮೊಟ್ಟೆಗಳನ್ನಿಡುತ್ತದೆ. ಬಳಿಕ ಆ ತಾಯಿ ಪತಂಗವನ್ನು ಅರೆದು, ಗಂಟುರೋಗವಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. 1860ರ ದಶಕದಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ರೂಪಿಸಿದ ವಿಧಾನವಿದು. ಇದಿಲ್ಲದಿದ್ದರೆ ರೈತನ ಬೆಳೆಯೇ ನಾಶವಾದೀತು. ತೂತಾದ ಆ ಗೂಡುಗಳೂ ನೂಲಾಗಿ ಮಾರುಕಟ್ಟೆಗೆ ಬರುತ್ತವೆ.

“ಎಷ್ಟೋ ವರ್ಷ ಅರೆದ ಕೈ ಇದು” ಎಂದರು ಹಿರಿಯರು. ಸಭೆ ಕೆಲಹೊತ್ತು ಮೌನವಾಗಿತ್ತು.

“ಹಾಗಾದರೆ ಅಮ್ಮನವರಿಗೆ ಹತ್ತಿಯ ಸೀರೆ ಆದೀತೇ ಮಾವ?” ಎಂದು ಆ ಶ್ರಾವಿಕೆ ಕೇಳಿದರು. ಹರಕೆ ಪಟ್ಟೆಸೀರೆಯದೇ ಅಲ್ಲವೇ ಎಂದು ಒಬ್ಬಿಬ್ಬರು ಆಕ್ಷೇಪಿಸಿದರು. ಕೊನೆಗೆ, ಗೂಡು ಯಾವ ಹುಳುವಿನದು, ಎಲ್ಲಿಂದ ಬಂದದ್ದು, ಪತಂಗ ಏನಾಯಿತು ಎಂಬ ಮೂರು ಪ್ರಶ್ನೆಗಳನ್ನು ಬರೆದು ವ್ಯಾಪಾರಿಗೆ ಕಳುಹಿಸುವುದೆಂದೂ, ಉತ್ತರ ಬರುವವರೆಗೆ ಕೈಮಗ್ಗದ ಹತ್ತಿ ಸೀರೆಯನ್ನೇ ಉಡಿಸುವುದೆಂದೂ ತೀರ್ಮಾನವಾಯಿತು.