ಎಲೆಯ ಹೆಸರಿನಲ್ಲಿ

ಮುಪ್ಪಿನಲ್ಲಿ ಮಾಡಿದ ತಪ್ಪನ್ನು ತಾನೇ ಬರೆದಿಡುವುದು ಲೇಸು. ಇತರರ ಬಾಯಲ್ಲಿ ಅದು ಬೆಳೆಯುತ್ತ ಹೋಗುವುದು. ನಾನು ಹೇಳಹೊರಟಿರುವುದು 2025ನೆಯ ಇಸವಿ ಜೂನ್ ತಿಂಗಳಲ್ಲಿ ನನ್ನಿಂದ ನಡೆದ ಒಂದು ಅವಿವೇಕವನ್ನು. ಇದನ್ನು ಕೇಳಿ ನಮ್ಮ ಸಂಘದ ಮಿತ್ರರಲ್ಲಿ ಕೆಲವರು ನಕ್ಕರು. ನಗಲಿ. ಆದರೆ ಅವರಲ್ಲಿಯೂ ಮಕ್ಕಳನ್ನು ಪರದೇಶಕ್ಕೆ ಕಳುಹಿಸಿರುವವರು ಅನೇಕರು. ಅವರ ಮನೆಗಳಲ್ಲಿಯೂ ಎಲೆ, ಬೇರು, ಕಷಾಯ ಎಂದೊಡನೆ ವಿಚಾರಿಸದೆ ಕೈಯೊಡ್ಡುವ ಅಭ್ಯಾಸ ಇದ್ದೇ ಇದೆ.

ಆ ವರ್ಷದ ಮೇ ತಿಂಗಳಲ್ಲಿ ನಾನು ಅಮೆರಿಕೆಯ ಫ್ಲಾರಿಡಾ ಸಂಸ್ಥಾನದಲ್ಲಿರುವ ಮಗಳ ಮನೆಗೆ ಹೋಗಿದ್ದೆನು. ಅಲ್ಲಿಂದ ಒಂದು ಗಂಟೆಯ ದಾರಿಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬನಿದ್ದಾನೆ. ಸಕಲೇಶಪುರದ ಕಡೆಯ ಕಾಫಿತೋಟದ ಮನೆತನದವನು. ರಾಮಶಬ್ದವನ್ನು ಒಂದು ದಿನವಾದರೂ ತಪ್ಪಿಲ್ಲದೆ ಒಪ್ಪಿಸದೆ ನನ್ನಿಂದ ಏಟು ತಿಂದವನು. ಈಗ ಒಂದು ಪೆಟ್ರೋಲ್ ಬಂಕನ್ನೂ ಅದಕ್ಕೆ ಸೇರಿದ ಅಂಗಡಿಯನ್ನೂ ನಡೆಸುತ್ತಿದ್ದಾನೆ. ನಾನು ಬಂದಿರುವುದು ತಿಳಿದು, ಬಂದು ಕಾಲಿಗೆರಗಿ, ತನ್ನ ಅಂಗಡಿಯನ್ನು ನೋಡಲೇಬೇಕೆಂದು ಕರೆದೊಯ್ದನು.

ಹಣದ ಪೆಟ್ಟಿಗೆಯ ಪಕ್ಕದಲ್ಲಿಯೇ, ಮಕ್ಕಳ ಮಿಠಾಯಿಯಂತೆ ಬಣ್ಣಬಣ್ಣದ ಪೊಟ್ಟಣಗಳನ್ನೂ ಹೆಬ್ಬೆರಳಿಗಿಂತ ತುಸು ದೊಡ್ಡವಾದ ಸೀಸೆಗಳನ್ನೂ ಸಾಲಾಗಿ ಇಟ್ಟಿದ್ದನು. ಎಲ್ಲದರ ಮೇಲೂ ಒಂದು ಹಸುರೆಲೆಯ ಚಿತ್ರ. ಕೆಳಗೆ ‘ಕ್ರಾಟಮ್’ ಎಂಬ ಹೆಸರು. ನಾನು ಮಂಡಿ ಹಿಡಿದುಕೊಂಡು ಕುಳಿತುದನ್ನು ಕಂಡು ಅವನು ಒಂದು ಪೊಟ್ಟಣವನ್ನು ಕೈಯಲ್ಲಿಟ್ಟನು. “ಇದು ಎಲೆಯ ಸಾರ, ಮೇಷ್ಟ್ರೆ. ನಮ್ಮ ಕಷಾಯದ ಹಾಗೆಯೇ. ನೋವಿಗೆಂದು ದಿನವೂ ಹತ್ತಾರು ಮಂದಿ ಕೊಳ್ಳುತ್ತಾರೆ. ಅರ್ಧ ಮಾತ್ರೆ ಸಾಕು” ಎಂದನು. ಅವನ ಮಾತಿನಲ್ಲಿ ಕಪಟವಿರಲಿಲ್ಲ. ತನಗೆ ಸಗಟು ವ್ಯಾಪಾರಿ ಹೇಳಿದುದನ್ನೇ ಅವನು ನನಗೆ ಹೇಳಿದನು.

ಅಮರಕೋಶದ ವನೌಷಧಿವರ್ಗವನ್ನು ಹನ್ನೆರಡನೆಯ ವಯಸ್ಸಿನಲ್ಲಿ ಬಾಯಿಪಾಠ ಮಾಡಿದವನಿಗೆ ಎಲೆಯೆಂಬ ಮಾತೇ ಸಾಕಾಯಿತು. ಅದರ ಮೇಲೆ ಆ ಮರದ ಶಾಸ್ತ್ರೀಯ ನಾಮವನ್ನು ಅವನು ಓದಿ ಹೇಳಿದನು: ‘ಮಿತ್ರಗೈನಾ’. ನನ್ನ ಕಿವಿಗೆ ಬಿದ್ದುದು ‘ಮಿತ್ರ’ ಎಂಬ ಮೊದಲಿನೆರಡು ಅಕ್ಷರಗಳು ಮಾತ್ರ. ಮಿತ್ರನೆಂದರೆ ಸೂರ್ಯ, ಸ್ನೇಹಿತ. ಇಂಥ ಹೆಸರಿನ ಮರ ಕೇಡು ಮಾಡೀತೆ? ಆ ಹೆಸರನ್ನಿಟ್ಟ ಕೊರ್ಥಾಲ್ಸ್ ಎಂಬ ಡಚ್ ಸಸ್ಯಶಾಸ್ತ್ರಜ್ಞನು 1839ರಲ್ಲಿ ನೆನೆದುದು ಮಿತ್ರನನ್ನಲ್ಲ, ಕ್ರೈಸ್ತ ಬಿಷಪ್ಪರ ಮುಡಿಯ ಮೇಲಿನ ‘ಮೈಟರ್’ ಎಂಬ ಕಿರೀಟವನ್ನು. ಹೂವಿನ ಶಲಾಕಾಗ್ರವು ಅದರಂತೆ ಕಂಡಿತಂತೆ. ಇದು ನನಗೆ ತಿಳಿದುದು ಆಸ್ಪತ್ರೆಯಿಂದ ಹಿಂದಿರುಗಿದ ಮೇಲೆ. ನಿರುಕ್ತದ ಅರೆಪಾಂಡಿತ್ಯವು ಮನುಷ್ಯನನ್ನು ಎಲ್ಲಿಗೆ ಕೊಂಡೊಯ್ಯುವುದೆಂಬುದಕ್ಕೆ ನಾನೇ ಉದಾಹರಣೆ.

ಆ ರಾತ್ರಿ ಎಂಟು ಗಂಟೆಗೆ ಒಂದು ಮಾತ್ರೆಯನ್ನು ಇಡಿಯಾಗಿ ನುಂಗಿದೆನು. ಅರ್ಧ ಗಂಟೆಯೊಳಗೆ ಮಂಡಿಯ ನೋವು ಹೋಯಿತು, ಸುಳ್ಳು ಹೇಳಲಾರೆ. ಮೈಯಲ್ಲಿ ಒಂದು ಬೆಚ್ಚನೆಯ ಸುಖ. ಮೊಮ್ಮಗಳಿಗೆ ಕಥೆ ಹೇಳುತ್ತ ಮೆಟ್ಟಿಲು ಹತ್ತಿಳಿದೆನು. ಆಮೇಲೆ ಮೂಗು ತುರಿಸತೊಡಗಿತು, ವಾಂತಿಯಾಯಿತು, ರೆಪ್ಪೆಗಳು ಸೀಸದಂತೆ ಭಾರವಾದವು. ನನಗೆ ನೆನಪಿರುವುದು ಇಷ್ಟೇ. ಮಿಕ್ಕುದನ್ನು ಮಗಳು ಹೇಳಿದಳು. ನನ್ನ ಉಸಿರು ಬರಬರುತ್ತ ವಿರಳವಾಗುತ್ತಿದ್ದಿತಂತೆ. ಅಲುಗಾಡಿಸಿ ಕೂಗಿದಾಗ ಒಮ್ಮೆ ನೀಳವಾಗಿ ಉಸಿರೆಳೆದು ಮತ್ತೆ ಸುಮ್ಮನಾಗುತ್ತಿದ್ದೆನಂತೆ. ಆಂಬ್ಯುಲೆನ್ಸ್ ಬಂದಿತು. ಅಫೀಮಿನ ಅಮಲನ್ನು ಇಳಿಸುವ ನಲೋಕ್ಸೋನ್ ಎಂಬ ಔಷಧವನ್ನು ಪಕ್ಕದಲ್ಲಿ ಸಿದ್ಧವಾಗಿಟ್ಟುಕೊಂಡು ಬೆಳಗಾಗುವವರೆಗೆ ನನ್ನ ಉಸಿರನ್ನು ಎಣಿಸಿದರು.

ಅಲ್ಲಿನ ವೈದ್ಯಳು ಮಗಳನ್ನು ಕೇಳಿದುದು ಎರಡೇ ಪ್ರಶ್ನೆ: ಏನು ತಿಂದರು? ಎಷ್ಟು ತಿಂದರು? ಎಲೆಯ ಚಿತ್ರವಿದ್ದ ಪೊಟ್ಟಣವನ್ನು ಇವಳು ಮುಂದಿಟ್ಟಳು. ಅದರ ಮೇಲೆ ಅಚ್ಚಾದುದನ್ನು ನಂಬುವುದು ಕಷ್ಟವೆಂದೂ, ಸಾಧಾರಣವಾದ ಮೂತ್ರಪರೀಕ್ಷೆಯಲ್ಲಿ ಈ ವಸ್ತು ಕಾಣಿಸಿಕೊಳ್ಳುವುದಿಲ್ಲವೆಂದೂ ಆಕೆ ಹೇಳಿದಳು. ‘ಮಾತ್ರಾ’ ಎಂದರೆ ಅಳತೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಮೂವತ್ತೈದು ವರ್ಷ ಹುಡುಗರಿಂದ ಬೆರಳು ಮಡಿಸಿ ಎಣಿಸಿದವನು ನಾನು. ವತ್ಸನಾಭಿಯಂಥ ವಿಷವನ್ನೂ ನಮ್ಮ ವೈದ್ಯರು ಶೋಧಿಸಿ ಗುಲಗಂಜಿಯ ಲೆಕ್ಕದಲ್ಲಿ ತೂಗಿ ಕೊಡುತ್ತಿದ್ದರು. ಅಳತೆಯನ್ನೇ ಹೆಸರಾಗಿ ಉಳ್ಳ ವಸ್ತುವನ್ನು ಅಳತೆ ತಿಳಿಯದೆ ನುಂಗಿದೆನಲ್ಲ ಎಂಬ ನಾಚಿಕೆ ವಾಂತಿಗಿಂತಲೂ ಹೆಚ್ಚಾಗಿ ಬಾಧಿಸಿತು.

ಮಂಚದ ಮೇಲೆ ಒರಗಿಕೊಂಡಿದ್ದ ದಿನಗಳಲ್ಲಿ ಮಗಳ ಸಹಾಯದಿಂದ ಈ ಮರದ ವೃತ್ತಾಂತವನ್ನು ಓದಿದೆನು. ಇದು ಕಾಫಿಯ ಕುಟುಂಬಕ್ಕೆ ಸೇರಿದುದು. ನಮ್ಮ ಕದಂಬವೂ ಕ್ವಿನೈನಿನ ಸಿಂಕೋನಾ ಮರವೂ ಅದೇ ಬಳಗದವು. ಸಯಾಮಿನ, ಎಂದರೆ ಈಗಿನ ಥಾಯ್ಲೆಂಡಿನ, ದಕ್ಷಿಣಭಾಗದಲ್ಲಿಯೂ ಮಲಯದ ಉತ್ತರದಲ್ಲಿಯೂ ಕೂಲಿಗಾರರು, ರಬ್ಬರಿನ ತೋಟದವರು ದಣಿವಾರಿಸಿಕೊಳ್ಳಲು ಇದರ ಹಸಿಯೆಲೆಯ ನರವನ್ನು ತೆಗೆದು ಅಗಿಯುವುದು ಹಳೆಯ ಪದ್ಧತಿ. ಅದೂ ಕೇವಲ ನಿರಪಾಯವಾಗಿರಲಿಲ್ಲ. ಬಹುಕಾಲ ಅಗಿದವರಲ್ಲಿ ಕೆಲವರು ಬಿಡಲಾರದೆ ಒದ್ದಾಡಿದರು, ಅವರ ಕೆನ್ನೆ ಕಪ್ಪಿಟ್ಟಿತು. ಥಾಯ್ಲೆಂಡ್ 1943ರಲ್ಲಿ ಈ ಮರವನ್ನು ಕಾನೂನಿನಿಂದ ನಿಷೇಧಿಸಿ, 2021ರ ಆಗಸ್ಟಿನಲ್ಲಿ ನಿಷೇಧವನ್ನು ತೆಗೆಯಿತು. ಆದರೆ ಎಲೆಗೆ ಅದರದೇ ಒಂದು ಕಡಿವಾಣವಿದ್ದಿತು. ಅದು ಅತಿ ಕಹಿ. ಹೆಚ್ಚು ತಿಂದರೆ ಹೊಟ್ಟೆ ತೊಳಸುವುದು. ಅಗಿಯುವವನ ದವಡೆ ಸೋಲುವುದು.

1907ರಲ್ಲಿ ಈ ಎಲೆಯಿಂದ ಸತ್ತ್ವವನ್ನು ಬೇರ್ಪಡಿಸಿದವನು ಡೇವಿಡ್ ಹೂಪರ್. ಇವನು ಉದಕಮಂಡಲದಲ್ಲಿ ಮದರಾಸು ಸರಕಾರದ ಸಿಂಕೋನಾ ರಸಾಯನಜ್ಞನಾಗಿದ್ದವನು. ನಮ್ಮ ದೇಶದ ಮೂಲಿಕೆಗಳನ್ನು ಕುರಿತ ‘ಫಾರ್ಮಕೋಗ್ರಾಫಿಯ ಇಂಡಿಕ’ ಗ್ರಂಥದ ಮೂವರು ಕರ್ತೃಗಳಲ್ಲಿ ಒಬ್ಬನು. 1921ರಲ್ಲಿ ಎಲೆನ್ ಫೀಲ್ಡ್ ಎಂಬಾಕೆ ಅದಕ್ಕೆ ಮಿತ್ರಗೈನೀನ್ ಎಂದು ಹೆಸರಿಟ್ಟಳು. ನಾನು ನುಂಗಿದುದು ಅದೂ ಅಲ್ಲ. ಮಿತ್ರಗೈನೀನಿಗೆ ಸಂಬಂಧಪಟ್ಟ ‘7-ಹೈಡ್ರಾಕ್ಸಿ’ ಎಂಬ ಇನ್ನೊಂದು ವಸ್ತುವಿದೆ. ಎಲೆಯ ಕ್ಷಾರಸತ್ತ್ವಗಳಲ್ಲಿ ನೂರಕ್ಕೆ ಎರಡು ಪಾಲಿಗೂ ಕಡಮೆ ಇರತಕ್ಕದ್ದು. 2004ರಲ್ಲಿ ಜಪಾನಿನ ವಿಜ್ಞಾನಿಗಳು ಗಿನಿಪಿಗ್ಗಿನ ಕರುಳಿನ ಮೇಲೆ ಪರೀಕ್ಷಿಸಿದಾಗ ಅದರ ಬಲವು ಮಾರ್ಫೀನಿನ 13ರಷ್ಟೆಂದು ಕಂಡುಬಂದಿತು. ಈಗಿನ ವ್ಯಾಪಾರಿಗಳು ಎಲೆಯಿಂದ ಮಿತ್ರಗೈನೀನನ್ನು ತೆಗೆದು ರಸಾಯನಶಾಲೆಯಲ್ಲಿ ಅದನ್ನು ಈ ರೂಪಕ್ಕೆ ತಿರುಗಿಸಿ ಮಾತ್ರೆ ಕಟ್ಟುತ್ತಾರೆ. ಹೊದಿಕೆಯ ಮೇಲಿನ ಎಲೆ ಮಾತ್ರ ಹಾಗೆಯೇ ಉಳಿಯುವುದು.

ಎಲೆಯ ಮರೆಯಲ್ಲಿ ಬೇರೊಂದನ್ನು ಮಾರುವ ಈ ವಿದ್ಯೆ ಹೊಸದಲ್ಲ. ಸ್ವೀಡನ್ ದೇಶದಲ್ಲಿ ‘ಕ್ರಿಪ್ಟನ್’ ಎಂಬ ಹೆಸರಿನ ಕ್ರಾಟಮ್ ಪುಡಿಯೊಂದು ಮಾರಾಟಕ್ಕೆ ಬಂದಿತು. ಒಂದು ವರ್ಷದ ಅವಧಿಯಲ್ಲಿ 9 ಮಂದಿ ಸತ್ತರು. ಅವರ ರಕ್ತವನ್ನು ಪರೀಕ್ಷಿಸಿದಲ್ಲಿ ಮಿತ್ರಗೈನೀನಿನ ಜೊತೆಗೆ ಟ್ರಮಡಾಲ್ ಎಂಬ ನೋವಿನ ಔಷಧದ ತೀವ್ರರೂಪವೊಂದು ಸಿಕ್ಕಿತು. 2011ರಲ್ಲಿ ಇದು ಪ್ರಕಟವಾಯಿತು. ಸತ್ತವರು ತಾವು ಎಲೆಯ ಪುಡಿಯನ್ನು ತಿನ್ನುತ್ತಿರುವೆವೆಂದೇ ನಂಬಿದ್ದಿರಬೇಕು. ಆ ನಂಬಿಕೆಯ ಸ್ವರೂಪವನ್ನು ನಾನು ಬಲ್ಲೆನು.

ಹೀಗೆಂದು ಎಲೆಯನ್ನೇ ಸುಟ್ಟುಹಾಕಬೇಕೆನ್ನುವ ಪಕ್ಷ ನನ್ನದಲ್ಲ. 2016ರಲ್ಲಿ ಅಮೆರಿಕೆಯ ಸರಕಾರವು ಎಲ್ಲವನ್ನೂ ಒಟ್ಟಿಗೆ ನಿಷೇಧಿಸಲು ಹೊರಟು, ಜನರು ಬಲವಾಗಿ ಆಕ್ಷೇಪಿಸಿದುದರಿಂದ ಹಿಂದೆಗೆಯಿತು. ಆಕ್ಷೇಪಿಸಿದವರಲ್ಲಿ ಈ ಎಲೆಯ ಬಲದಿಂದ ಅಫೀಮಿನ ಚಟವನ್ನು ಬಿಟ್ಟೆವೆಂದು ಹೇಳಿದವರೂ ಇದ್ದರು. ಕೊನೆಗೆ 2025ರ ಜುಲೈ 29ರಂದು ಅಲ್ಲಿನ ಆಹಾರ ಮತ್ತು ಔಷಧ ಇಲಾಖೆಯು 7-ಹೈಡ್ರಾಕ್ಸಿಯನ್ನು ನಿಯಂತ್ರಿತ ವಸ್ತುಗಳ ಪಟ್ಟಿಗೆ ಸೇರಿಸಬೇಕೆಂದು ಶಿಫಾರಸು ಮಾಡಿ, ತನ್ನ ಲಕ್ಷ್ಯವು ಸಹಜವಾದ ಎಲೆಯ ಮೇಲಲ್ಲವೆಂದು ಬಿಡಿಸಿ ಹೇಳಿತು. ಈ ವಿವೇಚನೆ ನನಗೆ ಸರಿತೋರಿತು. ಆಗಸ್ಟ್ 13ರಂದು ಫ್ಲಾರಿಡಾದಲ್ಲಿ ತುರ್ತಿನ ನಿಯಮ ಬಂದು ಸಾರೀಕರಿಸಿದ 7-ಹೈಡ್ರಾಕ್ಸಿಯ ಮಾರಾಟವು ಅಪರಾಧವಾಯಿತು.

ನನ್ನ ಶಿಷ್ಯನ ವಿಚಾರಕ್ಕೆ ಬರುತ್ತೇನೆ. ನನಗಾದ ಅವಸ್ಥೆಯನ್ನು ಕೇಳಿ ಅವನು ಆಸ್ಪತ್ರೆಯ ಬಾಗಿಲಲ್ಲಿ ಅತ್ತನು. “ಪೊಟ್ಟಣಗಳನ್ನು ತೆಗೆದುಹಾಕು” ಎಂದೆನು. ತಲೆಯಾಡಿಸಿದನು, ತೆಗೆಯಲಿಲ್ಲ. ಅಂಗಡಿಯ ಬಾಡಿಗೆ, ಮಗನ ಕಾಲೇಜಿನ ಶುಲ್ಕ, ಪಕ್ಕದ ಬಂಕಿನವನೂ ಮಾರುತ್ತಾನೆಂಬ ವಾದ. ನಾನು ಅವನಿಗೆ ಏಟು ಕೊಡುವ ಕಾಲ ಕಳೆದಿದ್ದಿತು. ಜುಲೈಯಲ್ಲಿ ಮತ್ತೊಮ್ಮೆ ಅಲ್ಲಿ ಕುಳಿತಿದ್ದಾಗ ಮನೆಗಳ ಮಾಡು ಹೊದಿಸುವ ಕೆಲಸದ ತರುಣನೊಬ್ಬನು ಬಂದು, ಚಿಲ್ಲರೆಯನ್ನೆಲ್ಲ ಎಣಿಸಿ ಮೂರು ಪೊಟ್ಟಣ ಕೊಂಡನು. ಹಿಂದಿನ ವರ್ಷ ಬೆನ್ನುನೋವಿಗೆಂದು ಒಂದರಿಂದ ಮೊದಲು ಮಾಡಿದವನಂತೆ. ನನ್ನನ್ನು ನೋಡಿ ನಕ್ಕು, ಬಾಗಿಲನ್ನು ಹಿಡಿದುಕೊಂಡು ನಾನು ದಾಟುವವರೆಗೂ ನಿಂತನು. ಒಳ್ಳೆಯ ಹುಡುಗ.

ನಿಯಮ ಬಂದ ದಿನ ಶಿಷ್ಯನು ಎಲ್ಲವನ್ನೂ ತೆಗೆದನು. ಎರಡು ವಾರದೊಳಗೆ ಸಗಟು ವ್ಯಾಪಾರಿಯು ಬೇರೊಂದು ಪೊಟ್ಟಣವನ್ನು ತಂದನು. ‘ಎಂ.ಜಿ.ಎಂ.-15’ ಎಂಬ ಹೆಸರು. ಎಲೆಯಲ್ಲಿ ಹುಟ್ಟದ, ರಸಾಯನಶಾಲೆಯಲ್ಲಿಯೇ ಹುಟ್ಟಿದ ಅನುಕರಣ. ಹೊದಿಕೆಯ ಮೇಲೆ ಅದೇ ಹಸುರೆಲೆ. ಈ ಸಲ ಅವನು ನನಗೆ ಫೋನು ಮಾಡಿ ಕೇಳಿದನು, ಬೇಡವೆಂದೆನು, ತೆಗೆದುಕೊಳ್ಳಲಿಲ್ಲ.

ಅಕ್ಟೋಬರಿನಲ್ಲಿ ನಾನು ಹಾಸನಕ್ಕೆ ಹಿಂದಿರುಗಿದ ಮೇಲೆ ಒಂದು ರಾತ್ರಿ ಅವನಿಂದ ಮತ್ತೆ ಫೋನು ಬಂದಿತು. ಮಾಡಿನ ಕೆಲಸದ ಹುಡುಗನು ಪೊಟ್ಟಣ ನಿಂತ ಮೇಲೆ ನಾಲ್ಕಾರು ಸಲ ಬಂದು ಕೇಳಿದ್ದನು. ಬೆವರುತ್ತಿದ್ದನು, ಕೈ ನಡುಗುತ್ತಿದ್ದಿತು, ಮೂಗು ಸೋರುತ್ತಿದ್ದಿತು. ಈಗ ಮೂರು ವಾರದಿಂದ ಪತ್ತೆಯಿಲ್ಲ. ಪಕ್ಕದ ಬಂಕಿಗೆ ಹೋಗುತ್ತಿರುವನೋ, ಬೀದಿಯಲ್ಲಿ ಇನ್ನೇನನ್ನು ಕೊಳ್ಳುತ್ತಿರುವನೋ ತಿಳಿಯದು. “ಹುಡುಕಿಕೊಂಡು ಹೋಗಿ ವೈದ್ಯರ ಬಳಿಗೆ ಕರೆದೊಯ್ಯಲೇ, ಮೇಷ್ಟ್ರೆ?” ಎಂದನು.

“ಹೋಗು. ಅವನ ಹೆಸರೇನು?” ಎಂದೆನು.

ಅತ್ತಲಿಂದ ಬಹಳ ಹೊತ್ತು ಮಾತಿಲ್ಲ. ಆಮೇಲೆ, “ಕೇಳಿರಲಿಲ್ಲ” ಎಂದನು.