ಹಳ್ಳಿ ಹಳಿಯಾದ ಕತೆ

ಟಿಕಿಂಟರ್‌ನಲ್ಲಿ ಒಂದು ಬಟನ್ ಮಾಡಿ, ಮುಂದಿನ ಸಾಲಿನಲ್ಲೇ ಅದರ ಅಗಲ ಕೇಳಿ ನೋಡಿ. 1 ಅನ್ನುತ್ತೆ. ಒಂದೇ ಒಂದು ಪಿಕ್ಸೆಲ್! ಸುಳ್ಳೇನಲ್ಲ ಬಿಡಿ. ಬಟನ್ ಹುಟ್ಟಿದೆ, ಜಾಗ ಇನ್ನೂ ಹಂಚಿಲ್ಲ. ಎಲೆ ಹಾಕೋ ಮುಂಚೆಯೇ ಊಟ ಹೇಗಿತ್ತು ಅಂತ ಕೇಳಿದ ಹಾಗೆ. ಪ್ಯಾಕ್ ಅಥವಾ ಗ್ರಿಡ್ ಮಾಡಿ, ಅಪ್‌ಡೇಟ್_ಐಡಲ್‌ಟಾಸ್ಕ್ಸ್ ಕರೆದು, ಆಮೇಲೆ ವಿನ್‌ಫೋ_ವಿಡ್ತ್ ಕೇಳಿದರೆ ನಿಜವಾದ ಅಗಲ ಸಿಗುತ್ತೆ.

ಇದಿಷ್ಟು ಎಲ್ಲ ಕಡೆ ಸಿಗೋ ವಿಷಯ. ಕನ್ನಡ ಬಂದಾಗ ಮಜಾ ಬೇರೆ.

ಗೆಳೆಯನೊಬ್ಬ ತನ್ನ ದೊಡ್ಡಪ್ಪನ ಗೊಬ್ಬರದ ಅಂಗಡಿಗೆ ಸಾಲದ ಲೆಕ್ಕ ಇಡೋ ಪ್ರೋಗ್ರಾಮ್ ಬರೆದಿದ್ದ. ದೊಡ್ಡಪ್ಪನಿಗೆ ಓದೋಕೆ ಬರೋದು ಕನ್ನಡ ಮಾತ್ರ, ಹಾಗಾಗಿ ಲೇಬಲ್‌ಗಳನ್ನೆಲ್ಲ ಕನ್ನಡಕ್ಕೆ ಬದಲಾಯಿಸಿದ. ನೋಡಿದರೆ "ಹಳ್ಳಿ" ಇರಬೇಕಾದ ಕಡೆ "ಹಳಿ", "ಒಟ್ಟು" ಇರಬೇಕಾದ ಕಡೆ "ಒಟು". "ಇದ್ಯಾವ ರೈಲಿನ ಹಳಿನೋ ಮಗಾ?" ಅಂದರಂತೆ. ನಗು ಬಂತು, ನಿಜ. ಆದರೆ ಸಾಲಗಾರರ ಹೆಸರಿನಲ್ಲೂ ಹಾಗೇ ಆಗುತ್ತಿತ್ತು. ಯಾರ ಬಾಕಿ ಯಾರ ತಲೆಗೆ? ದೊಡ್ಡಪ್ಪ ಸುಮ್ಮನೆ ಮತ್ತೆ ಹಳೇ ಲೆಕ್ಕದ ಪುಸ್ತಕ ತೆಗೆದರು. ಅವನಿಗೆ ಅದೇ ಬೇಜಾರು.

ವಿಜೆಟ್‌ಗೆ ಎರಡು ಅಳತೆ ಇರುತ್ತೆ ನೋಡಿ. ವಿನ್‌ಫೋ_ರೆಕ್‌ಹೈಟ್ ಅಂದರೆ ಅದು ಕೇಳಿದ್ದು, ವಿನ್‌ಫೋ_ಹೈಟ್ ಅಂದರೆ ಅದಕ್ಕೆ ಸಿಕ್ಕಿದ್ದು. ಎರಡನ್ನೂ ಪ್ರಿಂಟ್ ಮಾಡಿಸಿದೆವು. ಕೇಳಿದ್ದು 31, ಸಿಕ್ಕಿದ್ದು 20! ಪ್ಲೇಸ್ ಮಾಡುವಾಗ ಎತ್ತರ 20 ಅಂತ ಕಟ್ಟಿಹಾಕಿದ್ದ. ಇಂಗ್ಲಿಷ್ ಅಕ್ಷರಗಳಿಗೆ ಅಷ್ಟು ಸಾಕಾಗಿತ್ತು, ನಮ್ಮ ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕಲ್ಲ. ಪ್ಲೇಸ್ ತೆಗೆದು ಗ್ರಿಡ್ ಹಾಕಿದ ಮೇಲೆ ಒತ್ತುಗಳು ಇಣುಕಿದವು.

ಅಗಲದ್ದು ಇನ್ನೊಂದು ತಮಾಷೆ. ಅಕ್ಷರ ಎಣಿಸಿ ಅಗಲ ಲೆಕ್ಕ ಹಾಕೋಣ ಅಂದ. "ಸ್ತ್ರೀ" ಕಣ್ಣಿಗೆ ಒಂದೇ ಅಕ್ಷರ, ಪೈಥಾನ್‌ನ ಲೆನ್ ಕೇಳಿದರೆ 6 ಅನ್ನುತ್ತೆ. ಅದೂ ಅಲ್ಲದೆ ಟಿಕಿಂಟರ್ ಲೇಬಲ್‌ಗೆ ಅಗಲ 10 ಅಂತ ಕೊಟ್ಟರೆ, ಅದು ಲೆಕ್ಕ ಹಿಡಿಯೋದು ಹತ್ತು ಸೊನ್ನೆಗಳಷ್ಟು ಜಾಗ. ಕನ್ನಡಕ್ಕೂ ಅದಕ್ಕೂ ಏನು ಸಂಬಂಧ ಹೇಳಿ? ಫಾಂಟ್‌ನ ಮೆಷರ್ ಕರೆದು ಪಿಕ್ಸೆಲ್‌ನಲ್ಲೇ ಕೇಳೋದು ವಾಸಿ. ಕನ್ನಡದ ಫಾಂಟ್ ಹೆಸರನ್ನೇ ಕೊಡಿ, ವಿಂಡೋಸ್‌ನಲ್ಲಾದರೆ ನಿರ್ಮಲಾ ಯುಐ. ಇಲ್ಲದಿದ್ದರೆ ಎತ್ತರವನ್ನು ಇಂಗ್ಲಿಷ್ ಫಾಂಟಿನದ್ದೇ ಹಿಡಿದುಬಿಡಬಹುದು.

ಅಂದ ಹಾಗೆ, ಪರೀಕ್ಷೆ ಮಾಡುವಾಗ "ಹೆಸರು" ಅಂತ ಹಾಕಬೇಡಿ, ಅದರಲ್ಲಿ ಕತ್ತರಿಸೋಕೆ ಒತ್ತೇ ಇಲ್ಲ. "ಶಾಸ್ತ್ರಿ", "ರಾಷ್ಟ್ರ" ಹಾಕಿ ನೋಡಿ.