ಸೂಳೆಕೆರೆಯಿಂದ ನೇತ್ರಾಣಿಗೆ: ನೀರೊಳಗೊಂದು ದೀಪ ಬೇಕಾದಾಗ

ಸಂಜೆಯ ಹೊತ್ತು ಸೂಳೆಕೆರೆಯ ಏರಿಯ ಮೇಲೆ ನಿಂತವರಿಗೆ ಅದು ಕೆರೆಯೋ ಕಡಲೋ ಎಂಬ ಅನುಮಾನ ಬಾರದಿರದು. ಚನ್ನಗಿರಿ ತಾಲ್ಲೂಕಿನ ಈ ಕೆರೆಗೆ ಶಾಂತಿಸಾಗರ ಎಂಬ ಹೆಸರೂ ಉಂಟು. ಎರಡು ಗುಡ್ಡಗಳ ನಡುವಿನ ಕಿರಿದಾದ ಕಂಡಿಗೆ ಏರಿ ಹಾಕಿ, ಮುಂದೆ ಹರಿಹರದಲ್ಲಿ ತುಂಗಭದ್ರೆಯನ್ನು ಸೇರುವ ಹರಿದ್ರಾ ಹಳ್ಳವನ್ನು ಇಲ್ಲಿ ತಡೆದಿದ್ದಾರೆ. ನೀರು ಹರಡಿರುವುದು ಸುಮಾರು 6,500 ಎಕರೆಯಲ್ಲಿ. ಸಿದ್ಧನಾಲೆ, ಬಸವನಾಲೆಗಳೆಂಬ ಎರಡು ಕಾಲುವೆಗಳು ಇಲ್ಲಿಂದ ಗದ್ದೆ ತೋಟಗಳಿಗೆ ಇಳಿದಿವೆ. ಕೆರೆ ಕಟ್ಟಿಸಿದ ಶಾಂತವ್ವನ ಕಥೆಯನ್ನು ಸುತ್ತಲಿನ ಹಳ್ಳಿಯವರು ಇಂದಿಗೂ ಹೇಳುತ್ತಾರೆ.

ಕತ್ತಲು ಇಳಿದ ಮೇಲೆ ಏರಿಯ ಮೇಲಿಂದ ಯಾರಾದರೂ ಟಾರ್ಚು ಬಿಟ್ಟರೆ ಒಂದು ಸೋಜಿಗ ಕಾಣುತ್ತದೆ. ರಸ್ತೆಯ ಆಚೆ ದೂರದ ಮರದವರೆಗೆ ಹೋಗುವ ಬೆಳಕು, ನೀರಿಗೆ ತಿರುಗಿಸಿದ ಕೂಡಲೇ ಒಂದು ಮೊಳವೂ ಇಳಿಯದೆ ಕಂದು ಗೋಡೆಯಾಗಿ ನಿಂತುಬಿಡುತ್ತದೆ! ಟಾರ್ಚು ಅದೇ, ಸೆಲ್ಲೂ ಅದೇ. ಹಾಗಾದರೆ ಬೆಳಕು ಹೋದದ್ದೆಲ್ಲಿ?

ಈ ಪ್ರಶ್ನೆ ಈಗ ದಾವಣಗೆರೆ ಜಿಲ್ಲೆಯ ಅನೇಕ ಮನೆಗಳಿಗೆ ಬೇಕಾದ ಪ್ರಶ್ನೆ. ಕಾಲೇಜು ಹುಡುಗರ ಪ್ರವಾಸವೆಂದರೆ ಮೊದಲಿನಿಂದಲೂ ಜೋಗ, ಮುರುಡೇಶ್ವರ, ಗೋಕರ್ಣ. ಆ ಮುರುಡೇಶ್ವರದಿಂದ ಸಮುದ್ರದೊಳಗೆ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ನೇತ್ರಾಣಿ ದ್ವೀಪದ ಬಳಿ ಈಗ ಸ್ಕೂಬಾ ಡೈವಿಂಗ್ ನಡೆಯುತ್ತದೆ. 2022ರಲ್ಲಿ ತೆರೆಕಂಡ ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ಅಲ್ಲಿನ ನೀರಿನೊಳಗಿನ ಲೋಕವನ್ನು ಮನೆಮನೆಗೂ ತೋರಿಸಿತು. ಮಗನೋ ಮಗಳೋ ‘ನೇತ್ರಾಣಿಗೆ ಹೋಗುತ್ತೇನೆ, ನೀರೊಳಗಿನ ಟಾರ್ಚು ಕೊಡಿಸಪ್ಪ’ ಎಂದರೆ ತಂದೆ ಏನನ್ನು ನೋಡಿ ಕೊಳ್ಳಬೇಕು? ಉತ್ತರ ಹುಡುಕಲು ಕಡಲಿಗೇ ಹೋಗಬೇಕಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ನೀರೇ ಅರ್ಧ ಪಾಠ ಹೇಳಿಕೊಡುತ್ತದೆ.

ಹೊನ್ನಾಳಿಯ ಕೆಂಪು ಹೊಳೆ

ಕೂಡಲಿಯಲ್ಲಿ ಒಂದಾದ ತುಂಗೆ ಮತ್ತು ಭದ್ರೆ ಹೊನ್ನಾಳಿಯ ಮಗ್ಗುಲಲ್ಲೇ ಹರಿಯುತ್ತವೆ. ಬೇಸಿಗೆಯಲ್ಲಿ ಬಂಡೆ ತೋರಿಸಿಕೊಂಡು ಮಲಗಿರುವ ಹೊಳೆ, ಮಲೆನಾಡಿನಲ್ಲಿ ಮಳೆ ಹಿಡಿದರೆ ಕೆಂಪಗೆ ಉಬ್ಬುತ್ತದೆ. ಆ ಕೆಂಪು ನೀರಿನಲ್ಲಿ ತೇಲುವ ಮಣ್ಣಿನ ಕಣಗಳು ಒಂದೊಂದೂ ಬೆಳಕನ್ನು ಹಿಂದಕ್ಕೆ ಚದರಿಸುತ್ತವೆ. ಮಂಜು ಮುಸುಕಿದ ರಸ್ತೆಯಲ್ಲಿ ಬಸ್ಸಿನ ಚಾಲಕ ಹೈಬೀಮ್ ಹಾಕಿದರೆ ದಾರಿಯ ಬದಲು ಬಿಳಿ ಪರದೆ ಕಾಣುವುದಿಲ್ಲವೇ? ಸೂಳೆಕೆರೆಯಲ್ಲಿ ಆದದ್ದೂ ಅದೇ.

ಆದ್ದರಿಂದ ಮೊದಲ ಪಾಠ: ಬೆಳಕು ಹೆಚ್ಚಿದ್ದರೆ ಒಳ್ಳೆಯದೆಂಬುದು ಎಲ್ಲ ನೀರಿಗೂ ಒಪ್ಪುವ ಮಾತಲ್ಲ. ಬೆಳಕಿನ ಒಟ್ಟು ಪ್ರಮಾಣವನ್ನು ಲ್ಯೂಮೆನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಇರುವುದು ಈ ಸಂಖ್ಯೆಯೇ. ಆದರೆ ಆ ಬೆಳಕು ಎಷ್ಟು ಅಗಲಕ್ಕೆ ಹರಡುತ್ತದೆ ಎಂಬುದು ಅಷ್ಟೇ ಮುಖ್ಯ. ಸ್ವಲ್ಪ ಕದಡಿದ ನೀರಿಗೆ ಹತ್ತು ಡಿಗ್ರಿ ಆಸುಪಾಸಿನ ಕಿರಿದಾದ ಬೆಳಕು ಲೇಸು. ಅಗಲ ಬೆಳಕು ತಿಳಿನೀರಿಗೆ, ಅದರಲ್ಲೂ ಕ್ಯಾಮೆರಾ ಹಿಡಿಯುವವರಿಗೆ. ಟಾರ್ಚನ್ನು ಕಣ್ಣಿನ ನೇರಕ್ಕೆ ಹಿಡಿಯದೆ ಪಕ್ಕಕ್ಕೆ ಚಾಚಿ ಹಿಡಿದರೆ ಕಣ್ಣು ಕುಕ್ಕುವುದು ಕಡಿಮೆ.

ಜಗಳೂರಿನ ಬಾವಿ, ಅಜ್ಜಿಯ ಕನ್ನಡಿ

ಕಿರಿದಾದ ಬೆಳಕಿನ ಗುಟ್ಟು ಬಯಲುಸೀಮೆಯ ಅಜ್ಜಿಯರಿಗೆ ಹೊಸದಲ್ಲ. ಮಳೆ ಅಪರೂಪವಾದ ಜಗಳೂರಿನಂಥ ಕಡೆ ಸೇದುವ ಬಾವಿಗಳು ಬಲು ಆಳ. ಕೊಡ ಜಾರಿ ಬಿದ್ದರೆ ಬಿಸಿಲು ನೆತ್ತಿಗೇರಿದ ಮೇಲೆ ಕಟ್ಟೆಯ ಬಳಿ ಕನ್ನಡಿ ಹಿಡಿದು, ಸೂರ್ಯನ ಬೆಳಕನ್ನು ಕೋಲಿನಂತೆ ತಳಕ್ಕೆ ಇಳಿಸುತ್ತಿದ್ದರು. ಕೊಡ ಮಿನುಗಿದ ಜಾಗಕ್ಕೆ ಪಾತಾಳಗರಡಿಯನ್ನು ಬಿಟ್ಟು ಎತ್ತುತ್ತಿದ್ದರು. ಬಾವಿಗಳು ಬತ್ತಿ ಕೊಳವೆಬಾವಿಗಳು ಬಂದ ಮೇಲೆ ಆ ಕನ್ನಡಿ ಗೋಡೆಗೆ ಮರಳಿತು. ಆದರೆ ಗಮನಿಸಬೇಕಾದ ಮಾತೊಂದಿದೆ: ಅಜ್ಜಿ ಬೆಳಕನ್ನು ಮಾತ್ರ ಬಾವಿಗೆ ಇಳಿಸಿದಳು, ಮೊಮ್ಮಗನನ್ನಲ್ಲ!

ನ್ಯಾಮತಿಯ ತಿಳಿನೀರು

ಮೊದಲು ಹೊನ್ನಾಳಿ ತಾಲ್ಲೂಕಿಗೆ ಸೇರಿದ್ದ ನ್ಯಾಮತಿ ಈಗ ತಾನೇ ಒಂದು ತಾಲ್ಲೂಕು. ಬೆಳಗುತ್ತಿಯ ಬಳಿಯ ಗುಡ್ಡದ ಮೇಲೆ ತೀರ್ಥರಾಮೇಶ್ವರವಿದೆ. ವರ್ಷವಿಡೀ ಹರಿಯುವ ಅಲ್ಲಿನ ತೀರ್ಥಕ್ಕೆ ಕಲಕು ಎಂಬುದಿಲ್ಲ. ತಿಳಿನೀರಿನಲ್ಲಿ ಬೆಳಕು ಸಲೀಸಾಗಿ ಇಳಿಯುತ್ತದೆ, ನಿಜ. ಆದರೆ ತಿಳಿನೀರೂ ಸುಳ್ಳು ಹೇಳುತ್ತದೆ. ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುವುದರಿಂದ, ಮೇಲಿನಿಂದ ನೋಡುವವರಿಗೆ ನಾಲ್ಕು ಅಡಿ ಆಳ ಮೂರೇ ಅಡಿಯಾಗಿ ಕಾಣುತ್ತದೆ. ಹನ್ನೆರಡು ಅಡಿ ಒಂಬತ್ತಾಗುತ್ತದೆ. ‘ತಳ ಕಾಣುತ್ತಿದೆ, ಇಳಿಯಬಹುದು’ ಎಂದು ಹೆಜ್ಜೆ ಇಟ್ಟವರು ಮೋಸಹೋಗುವುದು ಹೀಗೆ.

ನೇತ್ರಾಣಿಯಲ್ಲಿ ಬಣ್ಣಗಳ ಮರುಹುಟ್ಟು

ಈ ಪಾಠಗಳನ್ನು ಹೊತ್ತು ಕಡಲಿಗೆ ಇಳಿದರೆ ಇನ್ನೊಂದು ಅಚ್ಚರಿ ಕಾದಿರುತ್ತದೆ. ನೀರು ಬೆಳಕಿನ ಬಣ್ಣಗಳನ್ನು ಒಂದೊಂದಾಗಿ ನುಂಗುತ್ತದೆ. ಮೊದಲು ಹೋಗುವುದು ಕೆಂಪು, ಆಮೇಲೆ ಕಿತ್ತಳೆ, ಹಳದಿ. ಐದಾರು ಮೀಟರ್ ಆಳದಲ್ಲೇ ಕೆಂಪು ಮಂಕಾಗುತ್ತದೆ, ಇನ್ನೂ ಇಳಿದರೆ ಎಲ್ಲವೂ ನೀಲಿ ಬೂದು. ಅಲ್ಲಿ ಹತ್ತಿರದಿಂದ ಟಾರ್ಚು ಬೆಳಗಿದರೆ ಬೂದುಗಲ್ಲಿನಂತಿದ್ದ ಜಾಗದಲ್ಲಿ ಕೆಂಪು, ಕಿತ್ತಳೆ ಧಿಗ್ಗನೆ ಎದ್ದುಬರುತ್ತವೆ. ಹಗಲಿನಲ್ಲೂ ಮುಳುಗುಗಾರರು ದೀಪ ಒಯ್ಯುವುದು ಇದಕ್ಕೇ, ಮತ್ತು ಬಂಡೆಯ ಸಂದಿನಲ್ಲಿ ಅಡಗಿದ ಜೀವಿಗಳನ್ನು ನೋಡಲಿಕ್ಕೆ.

ಅಂಥ ಟಾರ್ಚು ಕೊಳ್ಳುವಾಗ ಮೊದಲು ಕೇಳಬೇಕಾದದ್ದು ಎಷ್ಟು ಮೀಟರ್ ಆಳಕ್ಕೆ ಮಾಡಿದ್ದು ಎಂದು. ಅಂಗಡಿಯಲ್ಲಿ ‘ವಾಟರ್‌ಪ್ರೂಫ್’ ಎನ್ನುವುದೆಲ್ಲ ಡೈವಿಂಗ್‌ಗೆ ಆಗದು. ಐಪಿಎಕ್ಸ್ 7 ಎಂಬ ಗುರುತಿನ ಅರ್ಥ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದಷ್ಟೆ. ಮಳೆಗೆ, ಬಕೆಟ್ಟಿಗೆ ಬಿದ್ದರೆ ಅದು ಸಾಕು. ಸಮುದ್ರದಲ್ಲಿ ಪ್ರತಿ ಹತ್ತು ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. 30 ಮೀಟರ್ ಆಳದಲ್ಲಿ ದಡದ ನಾಲ್ಕರಷ್ಟು! ಆದ್ದರಿಂದ ಹೋಗುವ ಆಳಕ್ಕಿಂತ ಸಾಕಷ್ಟು ಹೆಚ್ಚಿನ ಆಳದ ಗುರುತಿರುವುದನ್ನೇ ಆರಿಸಬೇಕು.

ಎರಡನೆಯದು, ನೀರು ಒಳಹೋಗದಂತೆ ತಡೆಯುವ ಓ-ರಿಂಗ್ ಎಂಬ ರಬ್ಬರ್ ಬಳೆ. ಕುಕ್ಕರಿನ ಗ್ಯಾಸ್ಕೆಟ್ಟಿನ ಕೆಲಸವೇ ಇದರದೂ. ಒಂದು ಕೂದಲು, ಒಂದು ಮರಳಿನ ಹರಳು ಸಿಕ್ಕಿಕೊಂಡರೆ ಸಾಕು, ಸಾವಿರಾರು ರೂಪಾಯಿಯ ದೀಪ ಉಪ್ಪುನೀರು ಕುಡಿಯುತ್ತದೆ. ಎರಡು ಬಳೆಗಳಿರುವುದು ಮೇಲು. ಸಿಲಿಕೋನ್ ಗ್ರೀಸ್ ಸವರಿ, ಬಂದ ಮೇಲೆ ಸಿಹಿನೀರಿನಲ್ಲಿ ನೆನೆಸಿ ತೊಳೆಯಬೇಕು.

ಮೂರನೆಯದು, ಎಷ್ಟು ಹೊತ್ತು ಉರಿಯುತ್ತದೆ ಎಂಬುದು. ಒಂದು ಮುಳುಗು ಮುಕ್ಕಾಲು ಗಂಟೆಯಾದರೆ ದೀಪ ಒಂದೂಕಾಲು ಗಂಟೆಯಾದರೂ ಪೂರ್ಣ ಬೆಳಕು ಕೊಡಬೇಕು. ರೀಚಾರ್ಜ್ ಆಗುವ 18650 ಲಿಥಿಯಂ ಸೆಲ್ಲುಗಳನ್ನು ಹೆಸರುವಾಸಿ ತಯಾರಕರದ್ದನ್ನೇ ಕೊಳ್ಳುವುದು ಒಳಿತು. ದಪ್ಪ ಕೈಗವಸಿನಲ್ಲೂ ಒತ್ತಲಾಗುವ ಸ್ವಿಚ್ಚು, ಜಾರಿದರೂ ಕೈಬಿಡದಂತೆ ಮಣಿಕಟ್ಟಿಗೆ ದಾರ ಇರಲಿ. ಹೆಚ್ಚು ಪ್ರಖರವಾದ ದೀಪಗಳು ನೀರಿನಿಂದಲೇ ತಣ್ಣಗಾಗುವಂಥವು. ದಡದಲ್ಲಿ ಹಚ್ಚಿ ಆಡಿದರೆ ಕಾದು ಕೆಡುತ್ತವೆ. ರಾತ್ರಿ ಮುಳುಗುವವರು ಎರಡು ದೀಪ ಒಯ್ಯುವುದು ನಿಯಮ. ಕತ್ತಲಲ್ಲಿ ಮಾತೂ ದೀಪದ್ದೇ: ನಿಧಾನ ಸುತ್ತು ಬರೆದರೆ ‘ಎಲ್ಲ ಸರಿ’, ಬಿರುಸಾಗಿ ಅತ್ತಿತ್ತ ಬೀಸಿದರೆ ‘ಅಪಾಯ, ಇತ್ತ ನೋಡಿ’.

ಇಷ್ಟೆಲ್ಲ ಹೇಳಿದ ಮೇಲೂ ತಂದೆತಾಯಿಯರಿಗೆ ನೆಮ್ಮದಿಯ ಸುದ್ದಿಯೊಂದಿದೆ. ಮೊದಲ ಸಲ ಹಗಲಿನಲ್ಲಿ, ತರಬೇತುದಾರನ ಜೊತೆ ಇಳಿಯುವ ಹುಡುಗನಿಗೆ ಸ್ವಂತ ದೀಪ ಬೇಕೇ ಇಲ್ಲ. ಆ ಹಣ ಈಜು ಕಲಿಯಲಿಕ್ಕೆ ಹೋದರೆ ಸಾರ್ಥಕ. ದೀಪ ತರಬೇತಿಯ ನಂತರದ ಮಾತು.

ದೀಪಕ್ಕೂ ಮಿತಿ ಉಂಟು

2018ರಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ ಹನ್ನೆರಡು ಹುಡುಗರು ಮತ್ತು ಅವರ ತರಬೇತುದಾರ ನೀರು ತುಂಬಿ ಸಿಕ್ಕಿಕೊಂಡಾಗ, ಜಗತ್ತಿನ ನುರಿತ ಗುಹಾ ಮುಳುಗುಗಾರರು ಅಲ್ಲಿಗೆ ಹೋದರು. ಅವರ ಬಳಿ ಒಳ್ಳೆಯ ದೀಪಗಳಿದ್ದವು. ಆದರೆ ಕೆಸರು ನೀರಿನಲ್ಲಿ ಅವರನ್ನು ಒಳಗೆ ಹೊರಗೆ ನಡೆಸಿದ್ದು ಕೈಯಲ್ಲಿ ಹಿಡಿದ ಹಗ್ಗ! ಹದಿಮೂರು ಜನರೂ ಬದುಕಿ ಬಂದರು, ಆದರೆ ಆ ಕೆಲಸದಲ್ಲಿ ಥಾಯ್ ನೌಕಾಪಡೆಯ ಮಾಜಿ ಮುಳುಗುಗಾರರೊಬ್ಬರು ಪ್ರಾಣ ಕೊಟ್ಟರು. ನಮ್ಮಲ್ಲೇ 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ, ಗಂಗಾವಳಿಯ ಕೆಂಪು ನೀರು ಮತ್ತು ಸೆಳೆತದ ಮುಂದೆ ನೌಕಾಪಡೆಯ ಮುಳುಗುಗಾರರೂ ಕಾಯಬೇಕಾಯಿತು. ನದಿಗೆ ಬಿದ್ದಿದ್ದ ಲಾರಿ ಮೇಲೆ ಬಂದದ್ದು ಸೆಪ್ಟೆಂಬರಿನಲ್ಲಿ.

ಪಳಗಿದವರಿಗೇ ಹೀಗಾದರೆ ರಜೆಯಲ್ಲಿ ಹೊಳೆಗೆ ಹಾರುವ ಹುಡುಗರ ಪಾಡೇನು? ಜಗಳೂರು ತಾಲ್ಲೂಕಿನ 57 ಕೆರೆಗಳಿಗೆ ತುಂಗಭದ್ರೆಯ ನೀರು ತರುವ ಯೋಜನೆ ಆ ಸೀಮೆಯ ಬಹುದಿನದ ಆಸೆ. ವರ್ಷಗಟ್ಟಲೆ ಒಣಗಿ ಕ್ರಿಕೆಟ್ಟಿನ ಬಯಲಾಗಿದ್ದ ಕೆರೆಯಂಗಳಕ್ಕೆ ನೀರು ಬಂದರೆ ಊರಿಗೆ ಹಬ್ಬ. ಆದರೆ ಹಿಂದೆ ಮಣ್ಣು ತೆಗೆದ ಗುಂಡಿಗಳು ನೀರಿನಡಿ ಮರೆಯಾಗುತ್ತವೆ. ನೀರೇ ಕಾಣದೆ ಬೆಳೆದ ಮಕ್ಕಳಿಗೆ ಈಜೂ ಬಾರದು, ಗುಂಡಿಯ ಗುರುತೂ ಸಿಗದು. ಅದನ್ನು ತೋರಿಸುವ ಟಾರ್ಚು ಯಾವ ಅಂಗಡಿಯಲ್ಲೂ ಇಲ್ಲ. ಇಂಥ ಕಡೆ ದಡದಲ್ಲಿ ಇರಬೇಕಾದದ್ದು ಒಂದು ಉದ್ದ ಹಗ್ಗ, ಒಂದು ಖಾಲಿ ಪ್ಲಾಸ್ಟಿಕ್ ಕೊಡ, ಗಾಳಿ ತುಂಬಿದ ಟ್ಯೂಬು. ಮುಳುಗುತ್ತಿರುವವರ ಹಿಂದೆ ತಾನೂ ಹಾರದೆ ಅದನ್ನು ಎಸೆದು, 112ಕ್ಕೆ ಫೋನ್ ಮಾಡಬೇಕು.

ಸೂಳೆಕೆರೆಯ ಏರಿಯ ಮೇಲೆ ಟಾರ್ಚು ಬಿಟ್ಟ ಹುಡುಗನಿಗೆ ಕಂಡ ಆ ಕಂದು ಗೋಡೆ ಒಂದು ಎಚ್ಚರಿಕೆಯೇ. ಬೆಳಕು ಹೋಗದ ಕಡೆ ಕಾಲಿಡಬೇಡ ಎಂದು ಕೆರೆ ಹೇಳುತ್ತದೆ. ಆ ಮಾತನ್ನು ಕೇಳಿಸಿಕೊಂಡು, ಈಜು ಕಲಿತು, ಗುರುವಿನ ಜೊತೆ ನೇತ್ರಾಣಿಗೆ ಇಳಿದವನ ಕೈಯಲ್ಲಿ ಮುಂದೊಂದು ದಿನ ಒಳ್ಳೆಯ ದೀಪವಿದ್ದರೆ, ಕಡಲು ಅವನಿಗೆ ತನ್ನ ಬಣ್ಣಗಳನ್ನು ತೋರಿಸದೆ ಇರದು.